ಮೂವತ್ತೊಂದು ಮಂದಿ ರೈತರ ಆರನೇ ತರಗತಿ

ಬಸವರಾಜೇಶ್ವರಿ ಮೇಡಂಗೆ "ನಿಮ್ಮ ಬಗ್ಗೆ ಬರೀತೀನಿ" ಎಂದು ಹೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಬರಿ ಮಾರಾಯ್ತಿ, ಆದ್ರೆ ನನ್ನನ್ನ ದೇವತೆ ಗೀವತೆ ಮಾಡ್ಬೇಡ." ಆ ಭಯ ಅವರಿಗೆ ಬೇಡವೇ ಬೇಡ. ಒಂಬತ್ತು ವರ್ಷ ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತು, ಒಂದೇ ಬಸ್ಸಿನಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಓಡಾಡಿದವಳು ನಾನು, ಮೋನಿಕಾ, ಗಣಿತದ ಟೀಚರ್. ದೇವತೆಯ ಲಕ್ಷಣ ಒಂದಾದರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹಟ ಬಿದ್ದಿದೆ, ಸಿಡುಕು ಬಿದ್ದಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಬಸುರಿಗೂ ಬಿಟ್ಟುಕೊಡದ ಸ್ವಭಾವ ಬಿದ್ದಿದೆ. ಆ ಬಸುರಿ ನಾನೇ ಆಗಿದ್ದೆ, ಆದ್ದರಿಂದ ಸಾಕ್ಷಿ ಬೇರೆ ಬೇಕಿಲ್ಲ.

ಮೇಡಂ ಮನೆ ಆಲ್ಕೊಳದಲ್ಲಿ. ಬೆಳಗ್ಗೆ ಏಳೂಮುಕ್ಕಾಲಿಗೆ ಸರ್ಕಲ್ಲಿಗೆ ಬಂದು ಸಿಟಿ ಬಸ್ ಹಿಡಿದು ಬಸ್ ಸ್ಟ್ಯಾಂಡಿಗೆ ಬರುತ್ತಾರೆ, ಅಲ್ಲಿ ನಾನು ಸೇರಿಕೊಳ್ಳುತ್ತೇನೆ. ಭದ್ರಾವತಿ ತಲುಪುವವರೆಗೆ ಅವರು ತೊಡೆಯ ಮೇಲೆ ಒಂದು ಪುಸ್ತಕ ಬಿಚ್ಚಿಕೊಂಡು ಕೂತಿರುತ್ತಿದ್ದರು. ಅದು ಅವರ ನೋಟ್ಸ್. ಕಂದು ಕಾಗದದ ಹೊದಿಕೆ, ಒಳಗೆ ಮುತ್ತು ಪೋಣಿಸಿದಂಥ ಅಕ್ಷರ. ಐದರಿಂದ ಏಳನೇ ತರಗತಿಯವರೆಗಿನ ಕನ್ನಡದ ಪ್ರತಿ ಪಾಠದ ಪ್ರತಿ ಪ್ರಶ್ನೆಗೂ ಅದರಲ್ಲಿ ಉತ್ತರವಿತ್ತು. ಸರ್ಕಾರ ಪಠ್ಯಪುಸ್ತಕ ಬದಲಾಯಿಸಿದಾಗಲೆಲ್ಲ ಮೇಡಂ ಬೇಸಿಗೆ ರಜೆಯಲ್ಲಿ ಅಂಗಡಿಯ ಗೈಡು ತಂದಿಟ್ಟುಕೊಂಡು ಹೊಸ ನೋಟ್ಸ್ ತಯಾರು ಮಾಡುತ್ತಿದ್ದರು. ಜೂನಿನಲ್ಲಿ ಅದು ಬೋರ್ಡಿಗೇರುತ್ತಿತ್ತು, ಬೋರ್ಡಿನಿಂದ ಮಕ್ಕಳ ಪುಸ್ತಕಕ್ಕೆ ಇಳಿಯುತ್ತಿತ್ತು. ಮೂವತ್ತು ಮಕ್ಕಳ ಪುಸ್ತಕ ಬಿಚ್ಚಿದರೆ ಮೂವತ್ತರಲ್ಲೂ ಅದೇ ವಾಕ್ಯ, ಅದೇ ಜಾಗದಲ್ಲಿ ಅದೇ ಅಲ್ಪವಿರಾಮ. ಅಕ್ಕಪಕ್ಕದ ಎರಡು ಶಾಲೆಯವರು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದರು.

"ಇದು ಪಾಠಾನಾ ಮೇಡಂ, ಪ್ರಿಂಟಿಂಗ್ ಪ್ರೆಸ್ಸಾ?" ಎಂದು ನಾನು ಕೆಣಕಿದ್ದುಂಟು. ಅವರು ಕನ್ನಡಕದ ಮೇಲಿಂದ ನೋಡಿ, "ತಪ್ಪಿಲ್ವಲ್ಲ, ಅದು ಹೇಳು" ಎನ್ನುತ್ತಿದ್ದರು. ಆ ಮಾತಿನ ಹಿಂದೊಂದು ಕಥೆಯಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ತಪಾಸಣೆಗೆ ಬಂದ ಒಬ್ಬ ಅಧಿಕಾರಿ ಇವರ ಕ್ಲಾಸಿನ ಹುಡುಗನ ಪುಸ್ತಕವನ್ನು ಎಲ್ಲ ಶಿಕ್ಷಕರ ಮುಂದೆ ಎತ್ತಿ ಹಿಡಿದು, ಒಂದೊಂದೇ ತಪ್ಪನ್ನು ಗಟ್ಟಿಯಾಗಿ ಓದಿ, "ಕನ್ನಡ ಟೀಚರ್ ಕ್ಲಾಸಲ್ಲಿ ಕನ್ನಡ ಒಂದು ಬಿಟ್ಟು ಎಲ್ಲಾ ಇದೆ" ಎಂದಿದ್ದರಂತೆ. ಆಗ ಮೇಡಂಗೆ ಇಪ್ಪತ್ತೈದು ವಯಸ್ಸು. ಅವತ್ತು ಶಾಲೆಯ ಹಿಂದೆ ನಿಂತು ಅತ್ತವರು, ತಮ್ಮ ಮಕ್ಕಳ ಪುಸ್ತಕದಲ್ಲಿ ಇನ್ನು ಮುಂದೆ ಒಂದು ತಪ್ಪೂ ಕಾಣಬಾರದು ಎಂದು ತೀರ್ಮಾನ ಮಾಡಿದರು. ತಪ್ಪು ಬರಬಾರದೆಂದರೆ ಮಕ್ಕಳು ಸ್ವಂತವಾಗಿ ಏನೂ ಬರೆಯಬಾರದು, ಅಷ್ಟೇ ತಾನೆ?

ನಡೆದದ್ದು ಎರಡು ವರ್ಷದ ಹಿಂದೆ. ಆಗಸ್ಟಿನ ಒಂದು ಶನಿವಾರ ಪೋಷಕರ ಸಭೆ. ಆರನೇ ತರಗತಿಯ ನಗ್ಮಾಳ ತಂದೆ ಅಸದುಲ್ಲಾ ಬಂದಿದ್ದರು. ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್, ಫ್ಯಾನು, ಮಿಕ್ಸಿಗಳ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂರಿಸುವ ಕೆಲಸ. ನಗ್ಮಾ ಶಾಲೆ ಬಿಟ್ಟ ಕೂಡಲೇ ಬ್ಯಾಗ್ ಸಮೇತ ಅಂಗಡಿಗೆ ಓಡುವವಳು. ಅಪ್ಪನ ಹಿಂದೆ ಮುಂದೆ ಸುತ್ತಿಕೊಂಡಿದ್ದು, ಕತ್ತಲಾದ ಮೇಲೆ ಅಪ್ಪನ ಜೊತೆಯೇ ಮನೆಗೆ ಹೋಗುತ್ತಿದ್ದಳು.

ಅಸದುಲ್ಲಾ ಮಗಳ ಕನ್ನಡ ಪುಸ್ತಕ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. 'ನನ್ನ ತಂದೆಯವರು ರೈತರು. ಅವರು ಮುಂಜಾನೆ ಎದ್ದು ಎತ್ತುಗಳೊಂದಿಗೆ ಹೊಲಕ್ಕೆ ಹೋಗುತ್ತಾರೆ. ಅವರು ಬಿಸಿಲು ಮಳೆಯೆನ್ನದೆ ದುಡಿಯುತ್ತಾರೆ. ಅವರು ನಾಡಿಗೆ ಅನ್ನ ನೀಡುತ್ತಾರೆ. ನನ್ನ ತಂದೆಯವರೆಂದರೆ ನನಗೆ ಹೆಮ್ಮೆ.' ಕೆಳಗೆ ಕೆಂಪು ಶಾಯಿಯಲ್ಲಿ ಐದಕ್ಕೆ ಐದು.

"ಮೇಡಂ, ಇದು ನಮ್ ನಗ್ಮಾದೇ ಪುಸ್ತಕಾನಾ?"

"ಹೌದಲ್ಲ, ಹೆಸರಿದೆ ನೋಡಿ."

"ಮತ್ತೆ ಈ ಎತ್ತು ಯಾರ್ದು?"

ನಾನು ಪಕ್ಕದ ಮೇಜಿನಿಂದ ಕಿಸಕ್ಕೆಂದು ನಕ್ಕುಬಿಟ್ಟೆ. ಅವರು ನಗಲಿಲ್ಲ. "ರೈತ್ರು ನಮ್ ಅಂಗಡಿಗೆ ಬರ್ತಾರೆ ಮೇಡಂ, ಸುಟ್ಟ ಮೋಟಾರ್ ಹೊತ್ಕೊಂಡು. ಅವರ್ದು ದೊಡ್ಡ ಕೆಲ್ಸ, ಇಲ್ಲ ಅನ್ನಲ್ಲ. ಆದ್ರೆ ನಾನು ರೈತ ಅಲ್ವಲ್ಲ." ಆಮೇಲೆ ಮಗಳ ಕಡೆ ತಿರುಗಿದರು. ಮನೆಯಲ್ಲಿ ದಖನಿ ಉರ್ದು ಮಾತಾಡುವವರು ನಮ್ಮೆದುರು ಎಂದೋ ಏನೋ ಕನ್ನಡದಲ್ಲೇ ಕೇಳಿದರು: "ಅಬ್ಬಾ ಮೋಟಾರ್ ಸುತ್ತುತಾನೆ ಅಂತ ಬರಿಯೋಕೆ ನಾಚಿಕೆ ಆಯ್ತೇನಮ್ಮಾ?"

ನಗ್ಮಾ ತಲೆ ಎತ್ತಲಿಲ್ಲ. ಮಿಸ್ ಬೋರ್ಡ್ ಮೇಲೆ ಬರೆಸಿದ್ದು ಎನ್ನಬಹುದಿತ್ತು. ಮಿಸ್ ಎದುರಿಗೇ ಕೂತಿರುವಾಗ ಹನ್ನೊಂದು ವರ್ಷದ ಹುಡುಗಿ ಆ ಮಾತು ಹೇಗೆ ಆಡಿಯಾಳು? ಆಡಬೇಕಾದವರು ಮೇಡಂ. ಅವರು ಏನೆಂದರು ಗೊತ್ತೇ? "ಉತ್ತರ ಸರಿಯಾಗೇ ಇದೆಯಲ್ರೀ. ಒಂದಕ್ಷರ ತಪ್ಪಿಲ್ಲ."

ಅಸದುಲ್ಲಾ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಸಲಾಂ ಹೇಳಿ ಹೊರಟುಹೋದರು. ನನಗೆ ಮೈ ಉರಿದುಹೋಯಿತು. ಆದರೆ ಹಿರಿಯರು, ಎಲ್ಲರೆದುರು ಏನೆಂದು ಹೇಳಲಿ?

ಮುಂದಿನ ವಾರವೆಲ್ಲ ನಗ್ಮಾ ಶಾಲೆ ಬಿಟ್ಟ ಮೇಲೂ ಜಗಲಿಯ ಮೇಲೆ ಕೂತಿರುತ್ತಿದ್ದಳು. ಗುರುವಾರ ಸಂಜೆ ನಾವಿಬ್ಬರೂ ಬಸ್ಸಿಗೆ ಹೊರಟವರು ನಿಂತು ಕೇಳಿದೆವು. "ಏನೇ, ಅಂಗಡಿಗೆ ಹೋಗಿಲ್ವಾ?"

"ಅಬ್ಬಾ ಬರ್ಬೇಡ ಅಂದಿದಾರೆ ಮಿಸ್. ನಿಂಗ್ಯಾಕೆ ಈ ಮಸಿ ಕೆಲ್ಸ, ಮನೇಲಿ ಕೂತು ಓದ್ಕೋ ಅಂತಾರೆ. ಬೈಯಲ್ಲ ಮಿಸ್. ಬೈದಿದ್ರೆ ಚೆನ್ನಾಗಿತ್ತು."

"ಮಿಸ್ ಬರೆಸಿದ್ದು ಅಂತ ಹೇಳ್ಬೇಕಿತ್ತಲ್ಲ ಪುಟ್ಟಿ?" ಎಂದೆ ನಾನು.

"ಮನೆಗೆ ಹೋಗಿ ಹೇಳಿದೆ ಮಿಸ್. ಮಿಸ್ ಬರೆಸಿದ್ರೂ ಪೆನ್ನು ನಿನ್ ಕೈಲಿತ್ತಲ್ಲ ಅಂದ್ರು."

ಅವತ್ತು ಬಸ್ಸಿನಲ್ಲಿ ಮೇಡಂ ಕಿಟಕಿ ಪಕ್ಕ ಕೂರಲಿಲ್ಲ. ನೋಟ್ಸ್ ಬಿಚ್ಚಲಿಲ್ಲ. ಜಗಲಿಯಿಂದ ಮತ್ತೆ ಒಳಗೆ ಹೋಗಿ, ಬೀರುವಿನಲ್ಲಿದ್ದ ಆರನೇ ತರಗತಿಯ ಅಷ್ಟೂ ಕನ್ನಡ ಪುಸ್ತಕಗಳನ್ನು ಎರಡು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಮನೆಗೆ ಒಯ್ದಿದ್ದರು. ಮರುದಿನ ಬೆಳಗ್ಗೆ ಕಣ್ಣು ಕೆಂಪಾಗಿತ್ತು. "ಮೋನಿಕಾ, ನನ್ ಕ್ಲಾಸಲ್ಲಿ ಮೂವತ್ತೊಂದು ಮಕ್ಕಳು. ಮೂವತ್ತೊಂದು ಜನ ಅಪ್ಪಂದಿರೂ ರೈತ್ರು ಕಣೇ."

ನಮ್ಮ ಶಾಲೆ ಇರುವುದು ಕಾರ್ಖಾನೆಯ ಮಗ್ಗುಲಲ್ಲಿ. ಅಲ್ಲಿ ಯಾರಿಗೆ ಒಂದು ಗುಂಟೆ ಹೊಲವಿದೆ? ಒಬ್ಬನಪ್ಪ ಆಟೋ ಓಡಿಸುತ್ತಾರೆ, ಒಬ್ಬಳದು ತಮಿಳು ಮನೆ, ಅಪ್ಪ ಅಮ್ಮ ಇಬ್ಬರೂ ತಳ್ಳುಗಾಡಿಯಲ್ಲಿ ಇಡ್ಲಿ ಮಾರುತ್ತಾರೆ. ಫೌಂಡ್ರಿಗೆ ಹೋಗುವವರಿದ್ದಾರೆ, ಟೈಲರ್ ಇದ್ದಾರೆ, ಕೆಲಸವಿಲ್ಲದೆ ಮನೆಯಲ್ಲಿ ಕೂತವರೂ ಇದ್ದಾರೆ. ಎಲ್ಲರಿಗೂ ಮುಂಜಾನೆ ಎತ್ತು, ಎಲ್ಲರಿಗೂ ಹೊಲ!

"ದುಶ್ಯಂತಾನೂ ಬರೆದಿದಾನೆ," ಎಂದರು ಮೇಡಂ. ದುಶ್ಯಂತನ ತಂದೆ ತೀರಿಕೊಂಡು ಮೂರು ವರ್ಷವಾಗಿತ್ತು, ಅವನ ತಾಯಿ ನಮ್ಮ ಶಾಲೆಯಲ್ಲೇ ಬಿಸಿಯೂಟ ಬೇಯಿಸುವವರು. "ನನ್ನ ತಂದೆಯವರು ಮುಂಜಾನೆ ಎದ್ದು... ಅಂತ ಆ ಮಗು ಕೈಯಲ್ಲಿ ಬರೆಸಿ, ಐದಕ್ಕೆ ಐದು ಕೊಟ್ಟಿದೀನಿ. ನಾನೆಂಥ ಹೆಂಗಸು ಮಾರಾಯ್ತಿ?"

ನಾನು ಪಠ್ಯಪುಸ್ತಕ ತೆಗೆದು ನೋಡಿದೆ. ಪಾಠದ ಮೇಲ್ಗಡೆ ಎತ್ತು ಹೂಡಿದ ರೈತನ ಚಿತ್ರವೊಂದಿತ್ತು, ಸರಿ. ಆದರೆ ಕೊನೆಯ ಅಭ್ಯಾಸದಲ್ಲಿ ಕೇಳಿದ್ದೇನು? 'ನಿಮ್ಮ ಮನೆಯವರು ಮಾಡುವ ಕೆಲಸದ ಬಗ್ಗೆ ಐದು ವಾಕ್ಯ ಬರೆಯಿರಿ.' ಕೆಳಗೆ ಖಾಲಿ ಗೆರೆ ಎಳೆದು ಜಾಗ ಬಿಟ್ಟಿದ್ದರು. ಪುಸ್ತಕ ಬರೆದವರು ಪಾಪ, ಮಗುವನ್ನು ಅದರ ಮನೆಯ ಸುದ್ದಿ ಕೇಳಿದ್ದರು. ನಡುವೆ ಗೈಡಿನವನು ಚಿತ್ರ ನೋಡಿ ಉತ್ತರ ಕೊಟ್ಟ, ಇವರು ಅದನ್ನು ಬೋರ್ಡಿಗೆ ಹಾಕಿದರು. ಪುಸ್ತಕದ ಮೇಲೆ ಗೂಬೆ ಕೂರಿಸಿ ನಾವು ಟೀಚರುಗಳು ಎಷ್ಟು ಭಾಷಣ ಬಿಗಿಯುತ್ತೇವೆ! ಪುಸ್ತಕ ಖಾಲಿ ಬಿಟ್ಟ ಜಾಗವನ್ನೂ ತುಂಬಿ ಕೊಡುವವರು ನಾವೇ. ನಾನೂ ಸಾಚಾ ಏನಲ್ಲ, ಲೆಕ್ಕದ ಹಂತಗಳನ್ನು ಬೋರ್ಡಿನಿಂದ ಇಳಿಸಿಕೊಳ್ಳಿ ಎನ್ನುವವಳೇ.

ಅವತ್ತು ಸಂಜೆ ಮೇಡಂ ನನ್ನನ್ನೂ ಎಳೆದುಕೊಂಡು ಅಸದುಲ್ಲಾರ ಅಂಗಡಿಗೆ ನಡೆದರು. ಅಸದುಲ್ಲಾ ತಂತಿ ಸುತ್ತುವ ಸಣ್ಣ ಮೆಷಿನ್ನಿನ ಹಿಡಿ ತಿರುಗಿಸುತ್ತ, ತುಟಿಯಲ್ಲೇ ಏನೋ ಎಣಿಸುತ್ತ ಕೂತಿದ್ದರು. ನಮ್ಮನ್ನು ಕಂಡು ಎದ್ದು, ಸ್ಟೂಲ್ ಒರೆಸಿ ಕೊಟ್ಟರು. ಚಹಾ ತರಿಸಿದರು.

"ತಪ್ಪು ನಂದು ಅಸದುಲ್ಲಾ ಅವ್ರೇ. ಆ ಉತ್ತರ ನಾನೇ ಬರೆಸಿದ್ದು, ಇಡೀ ಕ್ಲಾಸಿಗೆ. ಮಗೂದು ಏನೂ ಇಲ್ಲ."

"ಇರ್ಲಿ ಬಿಡಿ ಮೇಡಂ. ನೀವು ದೊಡ್ಡೋರು, ಹುಡುಗೀನ ಕಾಪಾಡೋಕೆ ಹೇಳ್ತಿದೀರ." ಅವರು ಮೋಟಾರಿನ ಕಡೆ ನೋಡುತ್ತಲೇ ಮಾತಾಡಿದರು. "ಅವಳು ಓದ್ಲಿ. ಪುಸ್ತಕದಲ್ಲಿ ನಮ್ಮಂಥೋರು ಇಲ್ಲ ಅಂದ್ಮೇಲೆ ಅವಳಾದ್ರೂ ಎಲ್ಲಿಂದ ತರ್ತಾಳೆ? ಈ ಕೆಲ್ಸದ ಹತ್ರ ಅವಳು ಬರೋದೇ ಬೇಡ." ಮಾತಿನ ನಡುವೆ ಎಣಿಕೆ ತಪ್ಪಿಹೋಗಿ, ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದರು.

ಹೊರಡುವ ಮುಂಚೆ ಮೇಡಂ ಆ ಕೆಲಸದ ಬಗ್ಗೆ ಹತ್ತಾರು ಪ್ರಶ್ನೆ ಕೇಳಿ ಎಲ್ಲ ಬರೆದುಕೊಂಡರು. ಪರವಾಗಿಲ್ಲ, ದಾರಿಗೆ ಬಂದರು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಸೋಮವಾರ ಆರನೇ ತರಗತಿಯ ಮುಂದೆ ಹಾದುಹೋಗುವಾಗ ಒಳಗಿನಿಂದ ಮಕ್ಕಳ ಒಕ್ಕೊರಲು ಕೇಳಿತು: "ನನ್ನ ತಂದೆಯವರು ಮೋಟಾರ್ ದುರಸ್ತಿಗಾರರು. ಅವರು ತಾಮ್ರದ ತಂತಿಯನ್ನು ಸುತ್ತುತ್ತಾರೆ..." ಬೋರ್ಡಿನ ತುಂಬ ಹೊಸ ಉತ್ತರ. ಮೂವತ್ತೊಂದು ಮಕ್ಕಳು ತಲೆ ಬಗ್ಗಿಸಿ ಇಳಿಸಿಕೊಳ್ಳುತ್ತಿದ್ದಾರೆ. ಹಿಂದಿನ ಬೆಂಚಿನಲ್ಲಿ ನಗ್ಮಾ ಮಾತ್ರ ಪೆನ್ನು ಕಚ್ಚಿಕೊಂಡು ಕೂತಿದ್ದಾಳೆ.

ಯೇಸಪ್ಪಾ! ನಾನು ಹಣೆ ಹಣೆ ಚಚ್ಚಿಕೊಂಡೆ. ಊಟದ ಬಿಡುವಿನಲ್ಲಿ ಅವರನ್ನು ಮೂಲೆಗೆ ಕರೆದೊಯ್ದು ಜಾಡಿಸಿದೆ. "ಏನ್ ಮೇಡಂ ಇದು? ಮೊನ್ನೆ ಎಲ್ಲಾ ರೈತ್ರು, ಇವತ್ತು ಎಲ್ಲಾ ಮೆಕ್ಯಾನಿಕ್ಕು! ನಾಳೆ ಇಡ್ಲಿ ಗಾಡಿ ಹತ್ರ ಹೋಗಿ ಬಂದ್ರೆ ಎಲ್ರೂ ಇಡ್ಲಿ ಮಾರ್ಬೇಕಾ?"

ಅವರು ನನ್ನ ಮುಖವನ್ನೇ ಮಿಕಿಮಿಕಿ ನೋಡಿದರು. ಆಮೇಲೆ ನಗು ಶುರುವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತ ನಗುತ್ತ ಅಳುವೇ ಬಂತು. "ಇಪ್ಪತ್ತೆರಡು ವರ್ಷ ಇದೊಂದೇ ಕಲಿತಿದೀನಿ ಕಣೇ ಮೋನಿಕಾ. ಬೇರೆ ಹೆಂಗ್ ಮಾಡೋದು ಅಂತ ನಂಗೆ ಗೊತ್ತೇ ಇಲ್ಲ." ಅವರ ಬಾಯಿಂದ ಗೊತ್ತಿಲ್ಲ ಎನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ಕೋಪವೆಲ್ಲ ಇಳಿದು ಅವರ ಕೈ ಹಿಡಿದುಕೊಂಡೆ.

ಮರುದಿನ ಅವರು ಬೋರ್ಡ್ ಒರೆಸಿ ಖಾಲಿ ಬಿಟ್ಟರು. ನನಗೆ ಆ ಪೀರಿಯಡ್ ಬಿಡುವಿತ್ತು, ಬಾಗಿಲ ಹತ್ತಿರ ನಿಂತು ನೋಡಿದೆ. ಮಕ್ಕಳು ಹತ್ತು ನಿಮಿಷ ಕಾದರು. "ಮಿಸ್, ಉತ್ತರ?" ಎಂದ ದುಶ್ಯಂತ.

"ನಿಮ್ಮ ಮನೆ ಉತ್ತರ ನನ್ ಹತ್ರ ಎಲ್ಲಿದೆಯೋ? ಬರೀರಿ. ಅಪ್ಪಂದೇ ಆಗ್ಬೇಕು ಅಂತಿಲ್ಲ, ಅಮ್ಮ, ಅಜ್ಜಿ, ಯಾರ್ದಾದ್ರೂ."

"ತಪ್ಪಾದ್ರೆ?"

ಮೇಡಂ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, "ತಪ್ಪಾಗ್ಲಿ" ಎಂದರು.

ಬೆಲ್ ಹೊಡೆಯುವವರೆಗೆ ಒಂದು ಮಗುವೂ ಬರೆಯಲಿಲ್ಲ. ಮನೆಯಲ್ಲಿ ಕೇಳಿ, ನೋಡಿ ಬರೆದುಕೊಂಡು ಬನ್ನಿ ಎಂದು ಒಂದು ವಾರದ ಸಮಯ ಕೊಟ್ಟರು. ನಗ್ಮಾ ಎದ್ದು ನಿಂತಳು. "ನಾನು ಅಂಗಡಿಗೆ ಹೋಗಂಗಿಲ್ವಲ್ಲ ಮಿಸ್." ಮೇಡಂ ಹತ್ತಿರ ಹೋಗಿ ಅವಳ ತಲೆ ಸವರಿ, "ನಿಂಗೆ ಗೊತ್ತಿರೋದಷ್ಟೇ ಬರಿ" ಎಂದರು.

ವಾರವಾದ ಮೇಲೆ ಬಂದ ಬರಹಗಳನ್ನು ನೋಡಬೇಕಿತ್ತು! ಒತ್ತಕ್ಷರ ಇಲ್ಲ, ದೀರ್ಘ ಇಲ್ಲ, ತಮಿಳು ತೆಲುಗು ಎಲ್ಲ ಕಲಸುಮೇಲೋಗರ. ಹೆಡ್ ಮಾಸ್ಟರ್ ಶಿವಯೋಗಪ್ಪನವರು ಒಂದು ಪುಸ್ತಕ ಬಿಚ್ಚಿ ಗಾಬರಿಬಿದ್ದರು. "ಏನ್ ಮೇಡಂ ಇದು, ನಿಮ್ ಕ್ಲಾಸ್ ಪುಸ್ತಕಾನಾ? ತಪಾಸಣೆಗೆ ಬಂದ್ರೆ ನನ್ ಗತಿ?"

"ಬರ್ಲಿ ಸರ್. ಓದಿ ಅಂತ ನಾನೇ ಕೊಡ್ತೀನಿ," ಎಂದರು ಮೇಡಂ. ಹೇಳುವಾಗ ಅವರ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಇಪ್ಪತ್ತೈದರ ಹರೆಯದಲ್ಲಿ ತಿಂದ ಪೆಟ್ಟು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಆದರೂ ಅವರು ಒಂದೊಂದು ಪುಸ್ತಕವನ್ನೂ ಎರಡೆರಡು ಸಲ ಓದಿದರು. ಅಕ್ಷರದ ತಪ್ಪುಗಳನ್ನು ಮಕ್ಕಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸಿದರು, ಮಾತನ್ನು ಮುಟ್ಟಲಿಲ್ಲ. ದುಶ್ಯಂತ, ತನ್ನ ಅಮ್ಮ ಇನ್ನೂರು ಜನಕ್ಕೆ ಸಾಂಬಾರ್ ಮಾಡಿದರೂ ಉಪ್ಪು ನೋಡುವುದಿಲ್ಲ, ವಾಸನೆಯಲ್ಲೇ ಗೊತ್ತಾಗುತ್ತದೆ ಎಂದು ಬರೆದಿದ್ದ. ಅದನ್ನು ಅಡುಗೆ ಕೋಣೆಗೆ ಹೋಗಿ ಓದಿ ಬಂದವರು ಮೇಡಂ. ನಗ್ಮಾಳ ಪುಸ್ತಕವನ್ನು ಮಾತ್ರ ಮಾರ್ಕ್ಸ್ ಹಾಕದೆ ಬೀರುವಿನಲ್ಲಿ ಇಟ್ಟುಕೊಂಡರು.

ದಸರಾ ರಜೆ ಮುಗಿದ ಮೇಲೆ ಮತ್ತೆ ಪೋಷಕರ ಸಭೆ. ಅಸದುಲ್ಲಾ ಬರುವುದಿಲ್ಲ, ಹೆಂಡತಿಯನ್ನು ಕಳಿಸುತ್ತೇನೆ ಎಂದಿದ್ದರು. ಮೇಡಂ ತಾವೇ ಫೋನ್ ಮಾಡಿ, "ನೀವೇ ಬರ್ಬೇಕು, ನಂಗೊಂದು ಸಹಾಯ ಆಗ್ಬೇಕು" ಎಂದು ಕರೆಸಿದರು. ನಗ್ಮಾ ಗೋಡೆಗೆ ಒರಗಿ ನಿಂತಿದ್ದಳು. ಮೇಡಂ ಪುಸ್ತಕ ಬಿಚ್ಚಿ ಅವರ ಮುಂದಿಟ್ಟು, ತಮ್ಮ ಕೆಂಪು ಪೆನ್ನನ್ನೂ ಪಕ್ಕದಲ್ಲಿಟ್ಟರು.

"ಇದನ್ನ ತಿದ್ದೋಕೆ ನಂಗೆ ಬರಲ್ಲ ಅಸದುಲ್ಲಾ ಅವ್ರೇ. ಸರಿನೋ ತಪ್ಪೋ ನಿಮಗೇ ಗೊತ್ತು. ನೀವೇ ನೋಡಿ."

ಅವರು ಅನುಮಾನದಿಂದ ನಮ್ಮಿಬ್ಬರನ್ನೂ ನೋಡಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಮೊದಲು ಮನಸ್ಸಿನಲ್ಲಿ, ಆಮೇಲೆ ತಿಳಿಯದೆ ಗಟ್ಟಿಯಾಗಿ.

'ನಮ್ಮ ಅಬ್ಬಾ ಮೋಟಾರ್ ಸುತ್ತುತ್ತಾರೆ. ಸುಟ್ಟ ಮೋಟಾರನ್ನು ಮೂಸಿ ನೋಡಿ ಯಾಕೆ ಸುಟ್ಟಿದೆ ಎಂದು ಹೇಳುತ್ತಾರೆ. ಭದ್ರಾವತಿಯಲ್ಲಿ ಬೇರೆ ಯಾರಿಗೂ ಹಾಗೆ ಬರುವುದಿಲ್ಲ. ನಮ್ಮ ಮೆಷಿನ್ನಿನ ಮೀಟರ್ ಕೆಟ್ಟಿದೆ, ಅದಕ್ಕೆ ಸುತ್ತನ್ನು ಬಾಯಲ್ಲಿ ಎಣಿಸಬೇಕು. ನಾನು ಎಣಿಸುತ್ತೇನೆ, ಅಬ್ಬಾ ತಿರುಗಿಸುತ್ತಾರೆ. ಆಮೇಲೆ ವಾರ್ನಿಷ್ ಹಾಕಿ ಬಲ್ಬಿನ ಕೆಳಗೆ ಒಣಗಿಸುತ್ತಾರೆ. ಒಣಗಿದ ಮೇಲೆ ಕರೆಂಟ್ ಕೊಟ್ಟು ಟೆಸ್ಟ್ ಮಾಡುತ್ತಾರೆ. ಈಗ ನಾನು ಅಂಗಡಿಗೆ ಹೋಗುವುದಿಲ್ಲ. ಅಬ್ಬಾ ಒಬ್ಬರೇ ಎಣಿಸುತ್ತಾರೆ. ತಪ್ಪಿದರೆ ಯಾರು ಹೇಳುತ್ತಾರೋ ನನಗೆ ಗೊತ್ತಿಲ್ಲ.'

ಓದಿ ಮುಗಿಸಿ ಅಸದುಲ್ಲಾ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಒಂದು ಸಾಲಿನ ಕೆಳಗೆ ಗೆರೆ ಎಳೆದರು.

"ಇದು ತಪ್ಪು."

ನಗ್ಮಾ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ವಾರ್ನಿಷ್ ಒಣಗಿದ್ಮೇಲೆ ಟೆಸ್ಟ್ ಮಾಡಿ, ಕೆಟ್ಟಿದೆ ಅಂತ ಗೊತ್ತಾದ್ರೆ ಬಿಚ್ಚೋದು ಹೆಂಗೆ? ಕಲ್ಲಾಗಿರುತ್ತೆ ಅದು! ಮೊದ್ಲು ಟೆಸ್ಟ್, ಆಮೇಲೆ ವಾರ್ನಿಷ್. ಎಷ್ಟು ಸಲ ನೋಡಿದೀಯ ನೀನು!"

"ಮರೆತೋಯ್ತು ಅಬ್ಬಾ. ಅಂಗಡಿಗೆ ಬರೋದೇ ನಿಂತೋಗಿತ್ತಲ್ಲ."

ಅಸದುಲ್ಲಾ ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು, ಮತ್ತೆ ಹಾಕಿದರು. "ನಡಿ," ಎಂದರು, "ಪಂಪ್‌ಸೆಟ್ ಒಂದು ಅರ್ಧಕ್ಕೆ ಬಿಟ್ಟು ಬಂದಿದೀನಿ. ಬೆಳಗ್ಗೆಯಿಂದ ಮೂರು ಸಲ ಎಣಿಕೆ ತಪ್ಪಿದೆ."

ಹುಡುಗಿ ನಮ್ಮನ್ನು ಕೇಳುವ ಗೋಜಿಗೇ ಹೋಗಲಿಲ್ಲ, ಬ್ಯಾಗ್ ಎತ್ತಿಕೊಂಡು ಅಪ್ಪನಿಗಿಂತ ಮುಂಚೆ ಮೆಟ್ಟಿಲಿಳಿದಳು.